ಮೊದಲು ಬಾಯಿ, ಆಮೇಲೆ ಪೆಟ್ಟಿಗೆ

ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಇದನ್ನು ತಿಳಿಯಲು ಡಾಕ್ಟರಾಗಬೇಕಿಲ್ಲ, ಅರಸೀಕೆರೆಯಲ್ಲಿ ಹುಟ್ಟಿದ್ದರೆ ಸಾಕು. ಆದರೂ ಬೆಂಗಳೂರಿನ ಒಂದು ಎಸಿ ಕೋಣೆಯಲ್ಲಿ, ಹಲ್ಲಿನ ಅಧ್ಯಯನವೊಂದರ ಸಭೆಯಲ್ಲಿ, ನನಗಿಂತ ಹೆಚ್ಚು ಓದಿದವರ ಮುಂದೆ ಎದ್ದು ನಿಂತು ನಾನಿದನ್ನು ಹೇಳಿದಾಗ ಎಲ್ಲರೂ ನಕ್ಕರು. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು. ಮೊದಲೇ ನನ್ನ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಅವತ್ತು ಅದನ್ನು ನುಂಗಿಕೊಂಡು ಕೂತೆ. ಮತ್ತೆ ನುಂಗಲಿಲ್ಲ.

ನಮ್ಮ ಅಧ್ಯಯನ ಇದ್ದದ್ದು ಹಲ್ಲೆಲ್ಲ ಹೋದವರ ಮೇಲೆ. ಹಲ್ಲು ಕಟ್ಟಿಸುವ ವಿಷಯದಲ್ಲಿ ಕೆಳದವಡೆಯಷ್ಟು ಮೋಸದ ಜಾಗ ಬೇರೆ ಇಲ್ಲ. ಮೇಲಿನ ಸೆಟ್ ಅಂಗುಳಕ್ಕೆ ಕಚ್ಚಿಕೊಂಡು ನಿಲ್ಲುತ್ತದೆ. ಕೆಳಗಿನದಕ್ಕೆ ಕಚ್ಚಿಕೊಳ್ಳಲು ಜಾಗವೇ ಇಲ್ಲ, ಸಾಲದ್ದಕ್ಕೆ ನಾಲಿಗೆ ಅದನ್ನು ಸದಾ ಎತ್ತಿ ಹಾಕುತ್ತಿರುತ್ತದೆ. ಹಲ್ಲು ಹೋಗಿ ಬಹಳ ವರ್ಷವಾದವರಲ್ಲಿ ಮೂಳೆಯ ದಿಂಡೂ ಸವೆದು ಚಪ್ಪಟೆಯಾಗಿರುತ್ತದೆ. ಹಾಗಾಗಿ ಒಂದು ಗುಂಪಿಗೆ ಮಾಮೂಲಿ ಸೆಟ್ ಕೊಡುವುದು, ಇನ್ನೊಂದು ಗುಂಪಿಗೆ ಕೋರೆಹಲ್ಲುಗಳಿದ್ದ ಜಾಗದಲ್ಲಿ ಎರಡು ಇಂಪ್ಲಾಂಟ್, ಅಂದರೆ ಟೈಟಾನಿಯಂ ತಿರುಪು ಕೂರಿಸಿ, ಅವುಗಳ ಮೇಲೆ ಗುಂಡುತಲೆ ಬಿಗಿದು, ಸೆಟ್ಟನ್ನು ಅದಕ್ಕೆ ಸಿಕ್ಕಿಸುವುದು. ರವಿಕೆಯ ಟಿಚ್ ಬಟನ್ ಒತ್ತಿದ ಹಾಗೆ ಟಕ್ಕೆಂದು ಕೂರುತ್ತದೆ. ಆಮೇಲೆ ಎರಡೂ ಗುಂಪಿನವರ ಊಟ, ತೂಕ, ರಕ್ತದ ಸಕ್ಕರೆ ನೋಡಿ, ಯಾರ ಆರೋಗ್ಯ ಎಷ್ಟು ಸುಧಾರಿಸಿತು ಎಂದು ಹೋಲಿಸುವುದು. ಯಾರು ಯಾವ ಗುಂಪಿಗೆ ಎಂಬುದನ್ನು ಕಂಪ್ಯೂಟರ್ ಆರಿಸುತ್ತಿತ್ತು. ಸಾಮಾನು ಒಂದು ಕಂಪನಿಯದು, ಮೇಲ್ವಿಚಾರಣೆ ಬೆಂಗಳೂರಿನ ಒಂದು ಕಾಲೇಜಿನದು, ಅರಸೀಕೆರೆ ಕೇಂದ್ರದ ಹೊಣೆ ನನ್ನದು. ಗಂಡಸಿ, ಹಳೇಬೀಡು, ಬೇಲೂರಿನ ಕಡೆಯಿಂದೆಲ್ಲ ಜನ ಬಸ್ಸಿನಲ್ಲಿ ಬರುತ್ತಿದ್ದರು.

ಕೇಂದ್ರ ಶುರುವಾದ ದಿನ ಕಾಲೇಜಿನ ದೊಡ್ಡ ಡಾಕ್ಟರು ಖುದ್ದಾಗಿ ಬಂದಿದ್ದರು. ನನಗೆ ಪಾಠ ಹೇಳಿದ ಗುರುಗಳು. ಕೈಚಳಕದಲ್ಲಿ ಅವರನ್ನು ಮೀರಿಸುವವರನ್ನು ನಾನು ಇವತ್ತಿಗೂ ಕಂಡಿಲ್ಲ, ಅದನ್ನು ಹೇಳಲೇಬೇಕು. ಮಧ್ಯಾಹ್ನ ಬಸ್ ಸ್ಟ್ಯಾಂಡ್ ಹತ್ತಿರದ ಮೆಸ್ಸಿಗೆ ಕರೆದುಕೊಂಡು ಹೋದೆ. ಅವರು ಮುದ್ದೆ ಮುರಿದು ಬಾಯಿಗಿಟ್ಟು ಚೆನ್ನಾಗಿ ಅಗಿಯತೊಡಗಿದರು. ಬಡಿಸುವವನು ಸಾರಿನ ಸೌಟು ಹಿಡಿದು ನಿಂತಲ್ಲೇ ನಿಂತ.

“ಅಗೀಬ್ಯಾಡಿ ಸಾ, ನುಂಗಿ. ಹಲ್ಲಿಗೆಲ್ಲ ಮೆತ್ಕಂತದೆ.”

ಸಾಹೇಬರು ನಕ್ಕು ನೀರು ಕುಡಿದರು. ಇನ್ನಾದರೂ ತಿಳಿಯಿತಲ್ಲ ಅಂತ ನಾನು ಖುಷಿಪಟ್ಟೆ. ಆದರೆ ನಮ್ಮ ಪ್ರಶ್ನಾವಳಿಯ ಮುಖ್ಯ ಪ್ರಶ್ನೆ ಇದ್ದ ಹಾಗೇ ಉಳಿಯಿತು: ‘ನಿಮ್ಮ ದಿನನಿತ್ಯದ ಮುಖ್ಯ ಆಹಾರವನ್ನು ಅಗಿಯಲು ತೊಂದರೆಯಾಗುತ್ತದೆಯೇ?’ ನಮ್ಮ ಕಡೆಯ ಮುಖ್ಯ ಆಹಾರ ಮುದ್ದೆ. ಬೊಚ್ಚುಬಾಯಿಯವರೂ ಅದನ್ನು ಸಲೀಸಾಗಿ ನುಂಗುತ್ತಾರೆ. ಎಲ್ಲರೂ ‘ಇಲ್ಲ’ ಅಂದರು. ಮಾಮೂಲಿ ಸೆಟ್‌ನವರೂ ಇಲ್ಲ, ಇಂಪ್ಲಾಂಟ್‌ನವರೂ ಇಲ್ಲ.

ಇನ್ನೊಂದು ಪರೀಕ್ಷೆ ಹಸಿ ಕ್ಯಾರೆಟ್ಟಿನದು. ಅಳತೆಯ ತುಂಡನ್ನು ಇಷ್ಟು ಸಲ ಅಂತ ಅಗಿಸಿ, ಉಗುಳಿಸಿ, ಜರಡಿ ಹಿಡಿದು, ಎಷ್ಟು ನುಣ್ಣಗಾಗಿದೆ ಎಂದು ನೋಡುವುದು. ಹಳೇಬೀಡಿನ ಒಬ್ಬರು ಜವಳಿ ವ್ಯಾಪಾರಿ ಬಂದಿದ್ದರು. ಜೈನರು, ಮಾತು ಕಡಿಮೆ, ಇಸ್ತ್ರಿ ಕೆಡದ ಬಿಳಿ ಅಂಗಿ. ತಟ್ಟೆ ನೋಡಿದವರೇ ಕೈ ಹಿಂದಕ್ಕೆ ತೆಗೆದುಕೊಂಡರು.

“ಗಡ್ಡೆ ಗೆಣಸು ನಾವು ಮುಟ್ಟಲ್ಲ ಡಾಕ್ಟ್ರೇ.”

“ನುಂಗೋದು ಬೇಡ ಸರ್, ಅಗಿದು ಉಗುಳಿದರೆ ಸಾಕು.”

“ನಾಲಿಗೆಗೆ ಇಟ್ಟ ಮೇಲೆ ತಿಂದ ಹಾಗೇ ಅಲ್ವಾ? ನಿಮ್ಮ ಕೆಲಸಕ್ಕೆ ತೊಂದರೆ ಆಗೋದಾದ್ರೆ ನಾನು ಬಿಟ್ಟುಬಿಡ್ತೀನಿ, ಬೇಜಾರಿಲ್ಲ.”

ನಾನು ಅವರನ್ನು ಬಿಡಲಿಲ್ಲ. ಕ್ಯಾರೆಟ್ಟನ್ನೇ ಬಿಡೋಣ ಅಂತ ಬೆಂಗಳೂರಿಗೆ ಬರೆದೆ. ತೆಂಗಿನ ಸೀಮೆಯಾದ ಅರಸೀಕೆರೆಯಲ್ಲಿ ಕೂತು ಅಗಿಯುವುದಕ್ಕೆ ಗಟ್ಟಿ ಪದಾರ್ಥ ಹುಡುಕುವ ಕಷ್ಟವೇ? ಕೊಬ್ಬರಿ ಇಟ್ಟು ನೋಡಿ, ಯಾರ ಹಲ್ಲು ಎಷ್ಟು ಗಟ್ಟಿ ಅಂತ ಗಳಿಗೆಯಲ್ಲಿ ಗೊತ್ತಾಗುತ್ತದೆ ಅಂದೆ. ‘ಇದು ಪ್ರಮಾಣೀಕೃತ ವಿಧಾನವಲ್ಲ’ ಎಂಬ ಒಂದು ಸಾಲಿನ ಉತ್ತರ ಬಂತು. ವ್ಯಾಪಾರಿಯ ಹೆಸರಿನ ಮುಂದೆ ‘ರೋಗಿ ಸಹಕರಿಸಲಿಲ್ಲ’ ಎಂದು ನಮೂದಿಸಲು ಹೇಳಿದರು. ಅವರು ಸಹಕರಿಸಿದ್ದಾರೆ, ನಮ್ಮ ತರಕಾರಿ ಸಹಕರಿಸಲಿಲ್ಲ ಅಂತ ನಾನು ಬರೆದೆ.

ಗಂಡಸಿಯ ಅಮ್ಮ ನನಗೆ ಸಿಕ್ಕಿದ್ದು ಆ ದಿನಗಳಲ್ಲೇ. ಅರವತ್ತರ ಆಸುಪಾಸು, ಎರಡು ಸೀಮೆಹಸು, ನೇರ ನಡಿಗೆ. ಊರಿನ ಹೆಣ್ಣುಮಕ್ಕಳ ಸಂಘ ಕಟ್ಟಿದವರು. ಸಕ್ಕರೆ ಕಾಯಿಲೆ ಇತ್ತು. ಸೊಪ್ಪು, ಮೊಳಕೆಕಾಳು, ಸೌತೆಕಾಯಿ ತಿನ್ನಿ ಅಂತ ಅವರ ಡಾಕ್ಟರು ಹೇಳುತ್ತಿದ್ದರು. ಹಲ್ಲಿಲ್ಲದ ಬಾಯಿಗೆ ಸೌತೆಕಾಯಿ ತಿನ್ನು ಅನ್ನುವುದು ಕುಂಟನಿಗೆ ಓಡು ಅಂದ ಹಾಗೆ. ಅವರು ನುಂಗುವುದನ್ನು ಮಾತ್ರ ತಿನ್ನುತ್ತಿದ್ದರು: ಮುದ್ದೆ, ಅಂಬಲಿ, ಟೀಯಲ್ಲಿ ನೆನೆಸಿದ ಬನ್ನು. ಸಕ್ಕರೆ ಇಳಿಯುತ್ತಲೇ ಇರಲಿಲ್ಲ. ಕಂಪ್ಯೂಟರ್ ಅವರನ್ನು ಇಂಪ್ಲಾಂಟ್ ಗುಂಪಿಗೆ ಹಾಕಿದಾಗ ನನಗೆ ನಿಜವಾಗಿ ಸಂತೋಷವಾಯಿತು. ಮಾತ್ರೆ ಬದಲಿಸಿ ಸಕ್ಕರೆ ಹತೋಟಿಗೆ ಬಂದ ಮೇಲೆ ಇಂಪ್ಲಾಂಟ್ ಕೂರಿಸಿದೆ. ಕೂರಿಸಿದ ದಿನವೇ ಗುಂಡುತಲೆ ಬಿಗಿಯುವಂತಿಲ್ಲ. ಮೇಲೊಂದು ಪುಟ್ಟ ಮುಚ್ಚಳ ತಿರುಗಿಸಿ, ವಸಡು ಹೊಲಿದು, ಮೂಳೆ ಅದನ್ನು ಹಿಡಿದುಕೊಳ್ಳುವವರೆಗೆ ಮೂರು ತಿಂಗಳು ಕಾಯಬೇಕು. ಅಲ್ಲಿಯವರೆಗೆ ಮಾಮೂಲಿ ಸೆಟ್ಟೇ ಗತಿ.

ಪ್ರತಿ ಭೇಟಿಯಲ್ಲೂ ಕೇಳುತ್ತಿದ್ದೆ, “ಅಮ್ಮ, ಸೆಟ್ ಹೇಗಿದೆ?”

“ಚೆನ್ನಾಗೈತೆ ಕಣವ್ವ.”

“ಮಾತಾಡುವಾಗ ಎದ್ದೇಳುತ್ತಾ?”

“ಏನೂ ಇಲ್ಲ ಕಣವ್ವ. ಚೆನ್ನಾಗೈತೆ.”

ಪರೀಕ್ಷೆ ಮಾಡಿದರೆ ಸೆಟ್ಟಿನ ಮೇಲೆ ಒಂದು ಗೀರಿಲ್ಲ, ಕಲೆ ಇಲ್ಲ, ಸವಕಳಿ ಇಲ್ಲ. ‘ಉತ್ತಮ ನಿರ್ವಹಣೆ’ ಎಂದು ಪೂರ್ಣ ಅಂಕ ಕೊಡಬೇಕು. ಅವರೊಬ್ಬರದೇ ಅಲ್ಲ, ಮಾಮೂಲಿ ಗುಂಪಿನ ಎಲ್ಲರ ಸೆಟ್ಟುಗಳೂ ಹೀಗೇ ಫಳಫಳ ಹೊಳೆಯುತ್ತಿದ್ದವು. ನನಗೆ ಅನುಮಾನ ಬಂತು. ಉಪಯೋಗಿಸಿದ ಸಾಮಾನು ಇಷ್ಟು ಹೊಸದಾಗಿ ಇರುವುದುಂಟೇ? ಒಂದು ಬೆಳಿಗ್ಗೆ ನನ್ನ ಸಹಾಯಕಿಯನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು, ಹೇಳದೆ ಕೇಳದೆ ಗಂಡಸಿಗೆ ಹೋದೆ.

ಅಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರು. ನನ್ನನ್ನು ನೋಡಿದ್ದೇ ತಡ, ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಓಡಿದರು. ಬೀರು ತೆಗೆದ ಸದ್ದು, ಡಬ್ಬಿ ತೆಗೆದ ಸದ್ದು, ನಲ್ಲಿ ಬಿಟ್ಟ ಸದ್ದು. ಹೊರಗೆ ಬಂದಾಗ ಬಾಯಲ್ಲಿ ಎರಡೂ ಸೆಟ್, ಗಲ್ಲದ ಮೇಲೆ ನೀರು.

“ಅಮ್ಮ, ಇದನ್ನ ಮನೇಲಿ ಹಾಕಿಕೊಳ್ಳೋದೇ ಇಲ್ವಾ?”

“ದಿನಾ ಹಾಕ್ಕಂಡ್ರೆ ಸವೆದೋಗಲ್ವೇನವ್ವ? ಅಷ್ಟು ಒಳ್ಳೆ ಹಲ್ಲು. ಆಸ್ಪತ್ರೆಗೆ, ಮದುವೆಗೆ, ಮಠಕ್ಕೆ ಹೋಗೋವಾಗ ಹಾಕ್ಕಂತೀನಿ.”

ಅಯ್ಯೋ ದೇವರೇ, ರೇಷ್ಮೆ ಸೀರೆಯ ಪಕ್ಕದಲ್ಲಿ ಹಲ್ಲಿನ ಸೆಟ್! ಅದರ ಮುಂದಿನ ದಿನಗಳಲ್ಲಿ ಉಳಿದವರ ಮನೆಗಳಿಗೂ ಹೋದೆ. ಒಬ್ಬರದು ದೇವರ ಗೂಡಿನಲ್ಲಿ, ಒಬ್ಬರದು ಟ್ರಂಕಿನಲ್ಲಿ, ಒಬ್ಬರದು ಅಕ್ಕಿ ಡಬ್ಬಿಯಲ್ಲಿ. ಇದು ಜಿಪುಣತನವಲ್ಲ. ಒಳ್ಳೆಯದನ್ನು ಒಳ್ಳೆಯ ದಿನಕ್ಕೆ ಎತ್ತಿಡುವುದು ನಮ್ಮ ಕಡೆಯ ಕ್ರಮ. ಸಡಿಲವಾಗಿದೆ, ಚುಚ್ಚುತ್ತದೆ ಅನ್ನುವುದನ್ನು ಬಾಯಿಬಿಟ್ಟು ಹೇಳಲು ಅವರಿಗೆ ಸಂಕೋಚ. ಎತ್ತಿಡುವುದು ಅದಕ್ಕೊಂದು ಮರ್ಯಾದೆಯ ನೆಪವೂ ಆಗಿತ್ತು. ನಾನು ಗದರಿ ಕೇಳಿದಾಗ ಅಮ್ಮ ಹೇಳಿದ್ದು ಇಷ್ಟೇ: “ದಾನ ಕೊಟ್ಟ ಹಸೀನ ಹಲ್ಲು ಎಣಿಸ್ತಾರೇನವ್ವ?”

ಇದೆಲ್ಲವನ್ನೂ ವರದಿ ಮಾಡಿದೆ. ನಾವು ಅಳೆಯುತ್ತಿರುವುದು ಆರೋಗ್ಯವನ್ನಲ್ಲ, ಜನರ ಸಂಕೋಚವನ್ನು ಎಂದು ಬರೆದೆ. ಪ್ರಶ್ನೆ ಬದಲಿಸಿ, ಪರೀಕ್ಷೆ ಬದಲಿಸಿ, ದಿನಕ್ಕೆ ಎಷ್ಟು ಹೊತ್ತು ಸೆಟ್ ಬಾಯಲ್ಲಿರುತ್ತದೆ ಎಂದು ಮನೆಗೆ ಹೋಗಿ ನೋಡಿ ಎಂದು ಬೇಡಿಕೊಂಡೆ. ಉತ್ತರ ಬರಲಿಲ್ಲ. ಬಂದದ್ದು ಫೋನು.

“ಅರಸೀಕೆರೆ ಕೇಂದ್ರ ನಿಲ್ಲಿಸ್ತಾ ಇದ್ದೀವಿ,” ಅಂದರು ದೊಡ್ಡ ಡಾಕ್ಟರು. “ಬೇರೆ ಕಡೆಯೆಲ್ಲ ಇಂಪ್ಲಾಂಟ್ ಗುಂಪು ಮುಂದಿದೆ. ನಿಮ್ಮಲ್ಲಿ ಎರಡು ಗುಂಪಿಗೂ ವ್ಯತ್ಯಾಸವೇ ಇಲ್ಲ. ಮಾಹಿತಿ ಸಂಗ್ರಹದಲ್ಲೇ ದೋಷ ಇದೆ ಅಂತಾರೆ ಕಂಪನಿಯವರು.”

“ದೋಷ ಇದೆ ಸರ್. ಪ್ರಶ್ನೇಲಿದೆ. ಮೊದಲ ದಿನದಿಂದ ಹೇಳ್ತಾ ಇದ್ದೀನಿ.”

“ಅದು ಮುಗಿದ ಚರ್ಚೆ.”

“ಸರಿ. ಇಂಪ್ಲಾಂಟ್ ಕೂರಿಸಿ ಇನ್ನೂ ವಸಡು ಬಿಚ್ಚದೇ ಇರೋರು ಇಬ್ಬರು ಇದ್ದಾರೆ. ಅವರ ಗತಿ?”

“ಹಾಗೇ ಮಲಗಿರಲಿ ಬಿಡಿ. ವಸಡಿನ ಕೆಳಗೆ ಇದ್ದರೆ ಅಪಾಯವೇನೂ ಇಲ್ಲ, ನಿಮಗೂ ಗೊತ್ತು. ಮಾಮೂಲಿ ಸೆಟ್ ಅಂತೂ ಕೊಟ್ಟಿದ್ದೀರಲ್ಲ. ತಿಂಗಳ ಕೊನೆಗೆ ಕಂಪನಿಯವರು ಬಂದು ಉಪಕರಣದ ಪೆಟ್ಟಿಗೆ ತಗೊಂಡು ಹೋಗ್ತಾರೆ.”

ಅಪಾಯವಿಲ್ಲ ಎನ್ನುವುದು ನಿಜ. ಪುಸ್ತಕದಲ್ಲೂ ಹಾಗೇ ಇದೆ. ಆದರೆ ಆ ಇಬ್ಬರ ಎದುರು ಕೂತು, “ಮೂರು ತಿಂಗಳು ತಾಳಿಕೊಳ್ಳಿ, ಆಮೇಲೆ ಗಟ್ಟಿ ಹಲ್ಲು ಕೂರಿಸಿಯೇ ಕಳಿಸ್ತೀನಿ” ಅಂತ ಮಾತು ಕೊಟ್ಟವಳು ನಾನು. ಅವರ ಮೂಳೆ ಕೊರೆದದ್ದೂ ನಾನು. ಅಂಥವರನ್ನು ನಡುನೀರಿನಲ್ಲಿ ಕೈಬಿಟ್ಟು ಪೆಟ್ಟಿಗೆ ಪ್ಯಾಕ್ ಮಾಡಲೇ? ನನ್ನ ಕೈಲಾಗುವುದಿಲ್ಲ ಸರ್ ಅಂದೆ. ಭಾವುಕರಾಗಬೇಡಿ ಅಂದರು. ನಾನು ಭಾವುಕಳಾಗಿರಲಿಲ್ಲ, ಕೋಪಗೊಂಡಿದ್ದೆ. ಎರಡಕ್ಕೂ ಬಹಳ ವ್ಯತ್ಯಾಸವಿದೆ.

ಆ ಇಬ್ಬರು ಹಳೇಬೀಡಿನ ವ್ಯಾಪಾರಿ ಮತ್ತು ಗಂಡಸಿಯ ಅಮ್ಮ. ಇಬ್ಬರ ಮೂರು ತಿಂಗಳೂ ತುಂಬಿತ್ತು. ಕಂಪನಿಯವರು ಬರುವುದಕ್ಕೆ ವಾರ ಮೊದಲೇ ಮುಗಿಸೋಣ ಎಂದು ಒಂದು ದಿನ ಗೊತ್ತು ಮಾಡಿದೆ. ಇಲ್ಲಿ ಒಂದು ವಿಷಯ ಹೇಳಬೇಕು. ಪ್ರತಿ ಕಂಪನಿಯ ಇಂಪ್ಲಾಂಟಿಗೂ ತಿರುಪು ತಿರುಗಿಸುವ ಅದರದೇ ಡ್ರೈವರ್ ಬೇಕು. ಅರ್ಧ ಬೆರಳುದ್ದದ ಒಂದು ಕಡ್ಡಿ ಅಷ್ಟೇ. ಅದಿಲ್ಲದಿದ್ದರೆ ಹಾಸನಕ್ಕೆ ಹೋಗಲಿ, ಬೆಂಗಳೂರಿಗೇ ಹೋಗಲಿ, ಮುಚ್ಚಳ ತೆಗೆಯಲು ಆಗುವುದಿಲ್ಲ. ಈ ಕಂಪನಿಯ ಸಾಮಾನು ಪೇಟೆಗೆ ಹೊಸದು, ಸುತ್ತಮುತ್ತ ಯಾವ ಕ್ಲಿನಿಕ್ಕಿನಲ್ಲೂ ಇರಲಿಲ್ಲ. ನಮ್ಮ ಪೆಟ್ಟಿಗೆಯಲ್ಲಿದ್ದದ್ದು ಒಂದೇ ಡ್ರೈವರ್. ಪೆಟ್ಟಿಗೆ ಹೋದರೆ ಆ ಇಬ್ಬರ ಬಾಯಿಗೆ ಬೀಗ ಹಾಕಿ ಬೀಗದ ಕೈ ಒಯ್ದ ಹಾಗೆ.

ಗೊತ್ತು ಮಾಡಿದ ದಿನಕ್ಕೆ ಇನ್ನೂ ಸಮಯವಿತ್ತು. ಒಂದು ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತೆಗೆಯುತ್ತಿದ್ದೇನೆ, ಫೋನು.

“ಮೇಡಂ, ಕಂಪನಿಯಿಂದ. ಪೆಟ್ಟಿಗೆ ಕಲೆಕ್ಟ್ ಮಾಡ್ಕೊಳ್ಳೋಕೆ ಬರ್ತಾ ಇದ್ದೀನಿ. ಈಗಷ್ಟೇ ಬೆಂಗಳೂರು ಬಿಟ್ಟೆ.”

“ತಿಂಗಳ ಕೊನೆಗೆ ಅಂದಿದ್ದರಲ್ಲ?”

“ಸರ್ ಇವತ್ತೇ ತಗೊಂಡು ಬಾ ಅಂದ್ರು ಮೇಡಂ.”

ಸರಿ ಹೋಯ್ತು. ನನ್ನ ಇಂಗಿತ ಅವರಿಗೆ ತಿಳಿದಿತ್ತು. ಶಿಷ್ಯೆಯ ಬುದ್ಧಿ ಗುರುವಿಗೆ ಗೊತ್ತಿರದೆ ಇರುತ್ತದೆಯೇ? ಅಲ್ಲೇ ನಿಂತು ತೀರ್ಮಾನ ಮಾಡಿದೆ. ಅವರು ಬೆಂಗಳೂರಿನಿಂದ ಅರಸೀಕೆರೆಗೆ ಬರುವ ಹೊತ್ತಿಗೆ ಕೆಲಸ ಶುರುವಾಗಿರಬೇಕು. ಬಾಯಿ ಬಿಚ್ಚಿದ ರೋಗಿಯ ಎದುರಿನಿಂದ ಪೆಟ್ಟಿಗೆ ಎತ್ತಿಕೊಂಡು ಹೋಗುವ ಗಂಡಸು ಯಾರು, ನೋಡೇ ಬಿಡೋಣ.

ಕ್ರಮ ಪ್ರಕಾರ ವಸಡು ಬಿಚ್ಚಿದ ದಿನ, ಅದು ಮತ್ತೆ ಮುಚ್ಚಿಕೊಳ್ಳದಂತೆ ಒಂದು ತಾತ್ಕಾಲಿಕ ಕಾಲರ್ ಹಾಕಿ, ವಸಡು ಮಾಗಿದ ಮೇಲೆ ಅದನ್ನು ತೆಗೆದು ಗುಂಡುತಲೆ ಬಿಗಿಯಬೇಕು. ಎರಡು ಸಲವೂ ಡ್ರೈವರ್ ಬೇಕು. ನನಗೆ ಎರಡನೇ ಸಲ ಇರಲಿಲ್ಲ. ಕಾಲರ್ ಬಿಟ್ಟು ನೇರವಾಗಿ ಗುಂಡುತಲೆಯನ್ನೇ ಬಿಗಿಯಬೇಕು. ಅದರಲ್ಲಿ ಅಪಾಯ ಜೀವಕ್ಕಲ್ಲ, ಅಳತೆಗೆ. ವಸಡು ಮಾಗಿದ ಮೇಲೆ ಎಷ್ಟು ಎತ್ತರ ನಿಲ್ಲುತ್ತದೆ ಎಂದು ಇವತ್ತೇ ಅಂದಾಜು ಮಾಡಬೇಕು. ತಪ್ಪಿದರೆ ಗುಂಡು ವಸಡಿನಲ್ಲಿ ಹೂತು ಹೋಗುತ್ತದೆ, ಸೆಟ್ ಸಿಕ್ಕಿಕೊಳ್ಳುವುದಿಲ್ಲ. ಆದದ್ದಾಗಲಿ ಅಂದುಕೊಂಡೆ.

ವ್ಯಾಪಾರಿಗೆ ಫೋನು ಮಾಡಿದೆ. ಕಾರಣ ಕೇಳಲಿಲ್ಲ, “ಅಂಗಡಿ ತಮ್ಮನಿಗೆ ಬಿಟ್ಟು ಬರ್ತೀನಿ” ಅಂದರು, ಸಿಕ್ಕಿದ ಬಸ್ಸಿಗೆ ಬಂದೇ ಬಿಟ್ಟರು. ಅಮ್ಮನ ಫೋನು ಮಾತ್ರ ಬಡಿದುಕೊಳ್ಳುತ್ತಲೇ ಇತ್ತು, ಎತ್ತುವವರಿಲ್ಲ. ಸಹಾಯಕಿಗೆ ಸ್ಕೂಟರ್ ಕೀ ಕೊಟ್ಟು ಗಂಡಸಿಗೆ ಅಟ್ಟಿ, ನಾನು ವ್ಯಾಪಾರಿಯನ್ನು ಕುರ್ಚಿಗೆ ಕೂರಿಸಿದೆ. ನಾನೇ ಡಾಕ್ಟರು, ನಾನೇ ಸಹಾಯಕಿ. ಮರಗಟ್ಟಿಸಿ, ಎಕ್ಸ್‌ರೇ ಎದುರಿಗಿಟ್ಟುಕೊಂಡು ವಸಡು ಬಿಚ್ಚಿದೆ. ಎರಡೂ ಮುಚ್ಚಳ ಕಣ್ಣಿಗೆ ಕಂಡವು. ಡ್ರೈವರ್ ಕೂತಿತು, ತಿರುಗಿತು. ವಸಡಿನ ದಪ್ಪ ಅಳೆದು ಗುಂಡುತಲೆ ಆರಿಸಿ, ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ ಕಂಪನಿ ಹೇಳಿದಷ್ಟು ಬಿಗಿದೆ. ಕರಾರುವಾಕ್ಕಾಗಿ ಆಯಿತು. ಸೆಟ್ಟಿನ ಒಳಭಾಗ ಕೊರೆದು, ಮೆತ್ತನೆಯ ಪದರ ತುಂಬಿ ಹಾಕಿದೆ. ವಸಡು ಮಾಗಿದ ಮೇಲೆ ಸೆಟ್ಟಿನೊಳಗೆ ಗುಂಡುತಲೆಯನ್ನು ಕಚ್ಚಿ ಹಿಡಿಯುವ ಟೊಪ್ಪಿಗೆ ಕೂರಿಸಲು ಡ್ರೈವರ್ ಬೇಕಾಗಿರಲಿಲ್ಲ.

ಆ ಹೊತ್ತಿಗೆ ಸಹಾಯಕಿಯ ಫೋನು ಬಂತು.

“ಮೇಡಂ, ಅಮ್ಮ ಬರಲ್ವಂತೆ.”

“ಕೊಡು ಅವರಿಗೆ.”

“ಇರ್ಲಿ ಬಿಡವ್ವ,” ಅಂದರು ಅಮ್ಮ. ಬಾಯಲ್ಲಿ ಸೆಟ್ ಇಲ್ಲ ಅಂತ ಮಾತಿನಲ್ಲೇ ಗೊತ್ತಾಗುತ್ತಿತ್ತು. “ಎಲ್ಲ ನಿಲ್ಲಿಸ್ಬುಟ್ರಂತೆ. ನನ್ನಿಂದ ನಿಂಗ್ಯಾಕೆ ತೊಂದ್ರೆ? ಇರೋದೇ ಚೆನ್ನಾಗೈತೆ.”

ನನ್ನ ತಾಳ್ಮೆ ತಪ್ಪಿತು. ವ್ಯಾಪಾರಿ ಕೂತಿದ್ದಾರೆ ಅನ್ನುವುದನ್ನೂ ಮರೆತು ಕಿರುಚಿದೆ. “ಏನು ಚೆನ್ನಾಗೈತೆ? ಏನಮ್ಮ ಚೆನ್ನಾಗಿರೋದು? ನನ್ನ ತೊಂದರೆ ನನಗಿರಲಿ. ನಿಮ್ಮ ತೊಂದರೆ ಹೇಳಿ ಒಂದು ಸಲ! ನೀವೆಲ್ಲ ಚೆನ್ನಾಗೈತೆ ಚೆನ್ನಾಗೈತೆ ಅಂದೇ ಈ ಕೇಂದ್ರ ಮುಚ್ಚಿಸಿದ್ದು.”

ತಪ್ಪು ಮಾಡಿದೆನೇನೋ ಅಂದುಕೊಂಡೆ. ಆಮೇಲೆ ಅವರು ನಿಧಾನವಾಗಿ ಹೇಳಿದರು. ಪಂಚಾಯ್ತಿ ಆಫೀಸಿನಲ್ಲಿ ಸಂಘದ ಕಟ್ಟಡದ ಜಾಗಕ್ಕೆ ವಾದ ಮಾಡುತ್ತಿದ್ದರಂತೆ. ದನಿ ಏರಿಸಿದಾಗ ಕೆಳಗಿನ ಸೆಟ್ ಎದ್ದು ಮೇಜಿನ ಮೇಲೆ ಬಿತ್ತಂತೆ. ಎದುರಿಗಿದ್ದ ಒಬ್ಬ, “ಮೊದ್ಲು ಹಲ್ಲು ಹಿಡ್ಕಳಮ್ಮ, ಆಮೇಲೆ ಜಾಗ ಹಿಡಿಯುವಂತೆ” ಅಂದನಂತೆ. ಎಲ್ಲರೂ ನಕ್ಕರಂತೆ. ಅವತ್ತಿನಿಂದ ಅವರು ಯಾವ ಸಭೆಗೂ ಹೋಗಿಲ್ಲ. ಜಾಗ ಬೇರೆಯವರ ಪಾಲಾಗುವುದರಲ್ಲಿತ್ತು.

“ನಾನು ಬಾಯಿ ಸತ್ತೋಳಲ್ಲ ಕಣವ್ವ,” ಅಂದರು. “ಹೆದರ್ಕೊಂಡೂ ಕುಂತಿಲ್ಲ. ನಾಚ್ಕೆ ಆಯ್ತದೆ.”

ನನ್ನ ಕಣ್ಣಲ್ಲಿ ನೀರು ಬಂತು. ಮುಚ್ಚಿಡುವುದೇಕೆ? ಮೂರು ತಿಂಗಳಿಂದ ನಾನು ಕೇಳುತ್ತಿದ್ದ ಪ್ರಶ್ನೆಗೆ ಇದು ಉತ್ತರ, ಇದನ್ನು ಬರೆದುಕೊಳ್ಳಲು ನಮ್ಮ ಪ್ರಶ್ನಾವಳಿಯಲ್ಲಿ ಒಂದು ಗೆರೆ ಜಾಗವಿರಲಿಲ್ಲ.

“ಸ್ಕೂಟರ್ ಹತ್ತಿ ಅಮ್ಮ,” ಅಂದೆ. “ಈಗಲೇ.”

“ಬತ್ತೀನಿ ತಡಿ,” ಅಂದರು.

ಮೊದಲು ಬಂದದ್ದು ಕಂಪನಿಯವರು. ಒಳ್ಳೆಯ ಮನುಷ್ಯ, ಮೃದುವಾದ ಮಾತು, ಕೈಯಲ್ಲಿ ನಾನು ಸಹಿ ಮಾಡಬೇಕಾದ ಕಾಗದ. “ಪೆಟ್ಟಿಗೆ ಕೊಟ್ಟರೆ ಹೊರಡ್ತೀನಿ ಮೇಡಂ,” ಅಂದರು. ಡ್ರೈವರ್ ಆಟೋಕ್ಲೇವಿನಲ್ಲಿತ್ತು, ಉಪಕರಣಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಯಂತ್ರದಲ್ಲಿ. ಒಬ್ಬರ ಬಾಯಿಗೆ ಹಾಕಿದ್ದನ್ನು ಹಾಗೇ ಇನ್ನೊಬ್ಬರ ಬಾಯಿಗೆ ಹಾಕಲಾಗದು. ಯಂತ್ರ ಬುಸುಗುಡುತ್ತಿತ್ತು.

“ಸುಳ್ಳು ಹೇಳಲ್ಲ,” ಅಂದೆ. “ಇನ್ನೊಬ್ಬರ ಕೆಲಸ ಬಾಕಿ ಇದೆ. ಅದು ಮುಗಿಯೋವರೆಗೂ ಕೊಡಲ್ಲ. ಮೊದಲು ಬಾಯಿ, ಆಮೇಲೆ ಪೆಟ್ಟಿಗೆ. ಕೂತ್ಕೊಳ್ಳಿ, ಕಾಫಿ ತರಿಸ್ತೀನಿ.”

ಅವರು ಬೆಂಗಳೂರಿಗೆ ಫೋನು ಮಾಡಿ, ನನ್ನ ಕೈಗೆ ಕೊಟ್ಟರು.

“ಇದು ನಿಯಮದ ಉಲ್ಲಂಘನೆ,” ಅಂದರು ದೊಡ್ಡ ಡಾಕ್ಟರು. “ಕೇಂದ್ರ ಮುಚ್ಚಿದ ಮೇಲೆ ನೀವು ಮಾಡೋದು ಯಾವುದಕ್ಕೂ ನಮ್ಮ ಹೊಣೆ ಇಲ್ಲ. ಪ್ರಬಂಧದಲ್ಲಿ ನಿಮ್ಮ ಹೆಸರು ಇರಲ್ಲ, ಯೋಚನೆ ಮಾಡಿ.”

“ಉಲ್ಲಂಘನೆ ಅಂತಲೇ ಬರ್ಕೊಳ್ಳಿ ಸರ್. ನಾನೂ ಸಂಶೋಧನೆಯ ನೈತಿಕ ಸಮಿತಿಗೆ ಬರೀತೀನಿ, ಏನು ಮಾಡಿದೆ, ಯಾಕೆ ಮಾಡಿದೆ ಅಂತ. ಹೆಸರು ಬೇಡ. ಇಬ್ಬರ ಬಾಯಿ ಅರ್ಧಕ್ಕೆ ಬಿಟ್ಟು ಬರೋ ಹೆಸರು ನನಗೆ ಯಾಕೆ?”

ಅವರು ಫೋನಿಟ್ಟರು. ಅವರೇ ಕಲಿಸಿದ ವಿದ್ಯೆಯನ್ನು ಹಿಡಿದು ಅವರ ಎದುರು ನಿಲ್ಲುವುದು ಸುಲಭವಲ್ಲ. ಬೆಂಚಿನ ಮೇಲೆ ಐಸ್ ಪ್ಯಾಕ್ ಹಿಡಿದು ಕೂತಿದ್ದ ವ್ಯಾಪಾರಿ, ಮರಗಟ್ಟಿದ ತುಟಿಯಲ್ಲೇ ಕಂಪನಿಯವರ ಕಡೆ ತಿರುಗಿ, “ನೋಡಿ ಇವರೇ, ದರ್ಜಿ ಗಿರಾಕಿಯ ಅಂಗಿ ಅರ್ಧ ಹೊಲಿದಿರೋವಾಗ ಸೂಜಿ ವಾಪಸ್ ಕೊಡು ಅಂದ್ರೆ ಹೇಗೆ?” ಅಂದರು. ಅವರು ಕತ್ತಲಾದ ಮೇಲೆ ಉಣ್ಣುವವರಲ್ಲ. ಬಸ್ಸು ತಪ್ಪಿದರೆ ಹೊತ್ತು ಮುಳುಗುವುದರೊಳಗೆ ಊಟಕ್ಕೆ ಮನೆ ಸೇರಲಾಗದು, ನೀವು ಹೊರಡಿ ಅಂದೆ. “ಇವತ್ತು ಈ ಬಾಯಲ್ಲಿ ಊಟ ಹೇಗೂ ಇಲ್ಲ, ಇರ್ತೀನಿ” ಅಂದರು. ಕಾಫಿ ತರಲು ವ್ಯಾಪಾರಿಯೇ ಕೆಳಗಿಳಿದರು.

ಅಮ್ಮ ಬಂದರು. ಬಲಗಡೆ ಸುಲಭವಾಗಿ ಆಯಿತು. ಎಡಗಡೆ ವಸಡು ಬಿಚ್ಚಿದರೆ ಮುಚ್ಚಳವೇ ಇಲ್ಲ! ಮೂಳೆ ಅಷ್ಟು ಚೆನ್ನಾಗಿ ಬೆಳೆದು ಮುಚ್ಚಳದ ಮೇಲೆಯೇ ಹರಡಿಕೊಂಡಿತ್ತು. ಬೇರೆ ದಿನವಾಗಿದ್ದರೆ ಸಂಭ್ರಮಪಡುತ್ತಿದ್ದೆ. ಬರ್ ಎಂಬ ಸಣ್ಣ ಕೊರೆಮೊನೆಯಲ್ಲಿ, ತಣ್ಣನೆಯ ಸಲೈನ್ ಬಿಡುತ್ತ ಮೂಳೆ ಕೆರೆಯಬೇಕು. ಕೈ ಒಂದು ಕೂದಲು ಜಾರಿದರೆ ಇಂಪ್ಲಾಂಟಿನ ಅಂಚೇ ಹಾಳು. ಕೆರೆದೆ, ಒರೆಸಿದೆ, ನೋಡಿದೆ, ಮತ್ತೆ ಕೆರೆದೆ. ಲೋಹ ಹೊಳೆಯಿತು. ಡ್ರೈವರ್ ಇಟ್ಟು ತಿರುಗಿಸಿದರೆ ಜಾರಿತು. ಮುಚ್ಚಳದ ಕುಳಿಯಲ್ಲಿ ಮೂಳೆಯ ಚೂರು ತುಂಬಿಕೊಂಡಿತ್ತು. ಅದನ್ನು ಚೂಪು ಕಡ್ಡಿಯ ಮೊನೆಯಿಂದ ಕೆದಕಿ ತೆಗೆದು, ಉಸಿರು ಬಿಗಿಹಿಡಿದು ಮತ್ತೆ ಇಟ್ಟೆ. ಕೂತಿತು. ತಿರುಗಿತು. ಸಹಾಯಕಿ “ಅಬ್ಬಾ” ಅಂದಳು.

ಗುಂಡುತಲೆಯ ಎತ್ತರ ಆರಿಸುವಾಗ ನಾನು ಹಿಂದೆಮುಂದೆ ನೋಡಿದೆ. ಮೂಳೆ ಕೆರೆದ ಕಡೆ ಊತ ಹೆಚ್ಚು. ಒಂದು ಅಳತೆ ಮೇಲಿನದನ್ನೇ ಆರಿಸಿ ಬಿಗಿದೆ. ಆಮೇಲೆ ಡ್ರೈವರ್ ತೊಳೆದು, ಆಟೋಕ್ಲೇವ್ ಮಾಡಿ, ಒರೆಸಿ, ಪೆಟ್ಟಿಗೆಯ ಅದರ ಗೂಡಿನಲ್ಲಿಟ್ಟು ಕಂಪನಿಯವರ ಕೈಗೆ ಕೊಟ್ಟೆ. ಕಾಗದಕ್ಕೆ ಸಹಿ ಹಾಕಿದೆ. ‘ಕೊನೆಯ ರೋಗಿಯ ಚಿಕಿತ್ಸೆ ಮುಗಿದ ಮೇಲೆ ಕೊಡಲಾಗಿದೆ’ ಎಂದು ಕೆಳಗೆ ಕನ್ನಡದಲ್ಲಿ ಬರೆದೆ. ಅವರು ಅದನ್ನು ಓದಿ, ಮಡಿಸಿ ಜೇಬಿಗಿಟ್ಟುಕೊಂಡರು.

ನೈತಿಕ ಸಮಿತಿಗೆ ಬರೆದೆ. ಅವರು ಕಾಲೇಜಿನಿಂದ ವಿವರಣೆ ಕೇಳಿದರು, ನನಗೂ ಒಂದು ಎಚ್ಚರಿಕೆ ಕೊಟ್ಟರು. ಎಚ್ಚರಿಕೆ ನ್ಯಾಯವಾದದ್ದೇ, ತಕರಾರಿಲ್ಲ. ಪ್ರಬಂಧ ಪ್ರಕಟವಾಯಿತು. ಅದರಲ್ಲಿ ಅರಸೀಕೆರೆ ಇಲ್ಲ. ಮುದ್ದೆ ಇಲ್ಲ. ಬೀರುವಿನಲ್ಲಿದ್ದ ಹಲ್ಲುಗಳು ಇಲ್ಲ. ನಾನೂ ಇಲ್ಲ. ಅದನ್ನು ಓದಿದ ದಿನ ಹೊಟ್ಟೆ ಉರಿಯಿತು, ಇಲ್ಲ ಅನ್ನುವುದಿಲ್ಲ. ಅರಸೀಕೆರೆಯ ಲೆಕ್ಕ ನನ್ನ ಹತ್ತಿರ ಇದೆ, ಯಾರು ಕೇಳಿದರೂ ತೋರಿಸುತ್ತೇನೆ, ಕೇಳದಿದ್ದರೂ ಹೇಳುತ್ತೇನೆ.

ಟೊಪ್ಪಿಗೆ ಕೂರಿಸಿ ಕೆಲವು ವಾರಗಳಾದ ಮೇಲೆ ಒಂದು ದಿನ ಹೊರಗೆ ಜನ ತುಂಬಿದ್ದರು. ಅಮ್ಮ ಸರದಿ ಬಿಟ್ಟು ನೇರ ಒಳಗೆ ಬಂದು ಕುರ್ಚಿಯ ಮೇಲೆ ಕೂತರು. ಅಭ್ಯಾಸಬಲದಿಂದ ಕೇಳ ಹೊರಟೆ, “ಅಮ್ಮ, ಸೆಟ್ ಹೇ...”

“ಏನು ಸೆಟ್ಟವ್ವ ಇದು? ಎಡಗಡೆ ಒತ್ತಿ ಒತ್ತಿ ಹುಣ್ಣಾಗೈತೆ ನೋಡು. ನೆನ್ನೆ ಸಭೇಲಿ ಮಧ್ಯಾಹ್ನದಿಂದ ಸಂಜೆಗಂಟ ಮಾತಾಡೀವ್ನಿ, ಬೆಂಕಿ ಬೆಂಕಿ ಉರಿ. ಮಾಡೋದಾದ್ರೆ ನೆಟ್ಟಗೆ ಮಾಡ್ಬೇಕು. ಬಿಟ್ಟಿ ಅಂದ್ರೆ ಹಿಂಗೇನಾ ಮಾಡೋದು?”

ಬಾಯಿ ತೆಗೆಸಿ ನೋಡಿದೆ. ಎಡಗಡೆ ಕೆಂಪಗೆ, ಕಡಲೆಕಾಳಿನಷ್ಟು ಹುಣ್ಣು. ಸೆಟ್ಟಿನ ಮೇಲೆ ಗೀರು, ಹಲ್ಲಿನ ತುದಿಯಲ್ಲಿ ಸವಕಳಿ, ಸಂದಿಯಲ್ಲಿ ಸೌತೆಬೀಜ. ನಾನು ಸೆಟ್ ಕೈಯಲ್ಲಿ ಹಿಡಿದುಕೊಂಡು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದೆ.

“ನೋಯ್ತೈತೆ ಅಂತ ನಾನಿಲ್ಲಿ ಬಡ್ಕಂತಾವ್ನಿ,” ಅಂದರು ಅಮ್ಮ, “ನೀನು ನಗ್ತಾ ನಿಂತಿದ್ದೀಯಲ್ಲವ್ವ!”